ಕಚ್ಚಿದ ರೊಟ್ಟಿ

ರೊಟ್ಟಿಯನ್ನು ಬಿಸಿ ಇರುವಾಗ ಕಚ್ಚಬಾರದು. ಅಂಚು ಮೆತ್ತಗೆ ಹರಿದುಹೋಗುತ್ತದೆ, ಗುರುತು ನಿಲ್ಲುವುದಿಲ್ಲ. ಆರಿದ ಮೇಲೆ ಕಚ್ಚಿದರೆ ರಾಗಿರೊಟ್ಟಿಯ ಅಂಚಿನಲ್ಲಿ ಹಲ್ಲಿನ ಸಾಲು ಅಚ್ಚೊತ್ತಿದಂತೆ ಕೂರುತ್ತದೆ. ನನ್ನ ಮೇಲಿನ ಮುಂದಿನ ಹಲ್ಲೊಂದು ಚಿಕ್ಕಂದಿನಲ್ಲಿ ಬೋರ್‌ವೆಲ್ಲಿನ ಹಿಡಿಗೆ ಬಡಿದು ಮೂಲೆ ಮುರಿದುಕೊಂಡಿತ್ತು. ಹಾಗಾಗಿ ನಾನು ಕಚ್ಚಿದ ಕಡೆ ಒಂದು ಸಣ್ಣ ಚೂರು ಒಳಗಡೆಗೆ ಚಾಚಿಕೊಂಡು ಉಳಿಯುತ್ತಿತ್ತು. ಅಮ್ಮ ಮಧ್ಯಾಹ್ನ ತಟ್ಟೆಯ ಮುಚ್ಚಳ ತೆಗೆದು ಮೊದಲು ಹುಡುಕುತ್ತಿದ್ದುದು ಆ ಚೂರನ್ನು. ಅದು ಕಂಡರೆ ಊಟ, ಇಲ್ಲದಿದ್ದರೆ ನಾನು ಸಂಜೆ ಗುಬ್ಬಿಯ ಬಸ್ ಇಳಿದು ಮನೆ ಸೇರುವವರೆಗೂ ಉಪವಾಸ.

ನಾನು ಪಿಯುಸಿಯಲ್ಲಿದ್ದಾಗ ಅಮ್ಮನಿಗೆ ಕಾಯಿಲೆ ಶುರುವಾಯಿತು. ಊಟದಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ ಅಂತ. ಮೊದಲು ಪಕ್ಕದ ಮನೆಯಿಂದ ಬಂದ ಸಾರು, ಆಮೇಲೆ ಡೇರಿ ಹಾಲು, ಆಮೇಲೆ ನಲ್ಲಿಯ ನೀರು. ತುಮಕೂರಿನ ಆಸ್ಪತ್ರೆಯಲ್ಲಿ ತೋರಿಸಿ ಮಾತ್ರೆ ಶುರು ಮಾಡಿದ ಮೇಲೆ ಎಷ್ಟೋ ವಾಸಿಯಾಯಿತು. ನಿದ್ದೆ ಬರತೊಡಗಿತು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡತೊಡಗಿದರು, ಹೂ ಕಟ್ಟತೊಡಗಿದರು. ಆದರೆ ಊಟದ ವಿಷಯ ಮಾತ್ರ ಬಗೆಹರಿಯಲಿಲ್ಲ. ನಾನು ಮೊದಲು ತಿನ್ನಬೇಕು, ಅವರ ಕಣ್ಣೆದುರೇ, ಅವರ ತಟ್ಟೆಯಿಂದಲೇ. ಅಪ್ಪ ಬಸ್ ಕಂಡಕ್ಟರ್. ಒಂದು ದಿನ ಡ್ಯೂಟಿ, ರಾತ್ರಿ ಎಲ್ಲೋ ಹಾಲ್ಟ್, ಮಾರನೆಯ ದಿನ ಮನೆ. ಅವರ ಕೈಯಿಂದ ಅಮ್ಮ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅನ್ನ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಇದೇ ಅಮ್ಮ ಎಂಜಲು ಎಂದರೆ ಮೂರು ಮಾರು ದೂರ ನಿಲ್ಲುತ್ತಿದ್ದವರು. “ಲೋಟ ಕಚ್ಚಿ ಕುಡೀಬ್ಯಾಡ, ಎತ್ತಿ ಕುಡಿ” ಎಂದು ನೆಂಟರ ಮುಂದೆಯೇ ನನ್ನ ಕೈಗೆ ಹೊಡೆದವರು. ಈಗ ಅವರಿಗೆ ಎಂಜಲೇ ಬೇಕು. ನಾನು ಕಾಲೇಜಿಗೆ ಹೋಗುವ ದಿನ ಮಧ್ಯಾಹ್ನದ ಊಟವನ್ನು ಬೆಳಿಗ್ಗೆಯೇ ಕಚ್ಚಿಟ್ಟು ಹೋಗಬೇಕು, ಹಾಗಾಗಿ ಮುದ್ದೆ ಮಾಡುವಂತಿರಲಿಲ್ಲ. ಮುದ್ದೆಯನ್ನು ಯಾರೂ ಕಚ್ಚುವುದಿಲ್ಲ, ಮುರಿದು ನುಂಗುತ್ತಾರೆ. ಮುರಿದ ಗುರುತು ಯಾರ ಬೆರಳಿನದಾದರೂ ಇರಬಹುದು ಎಂದು ಅಮ್ಮ ಹೇಳಿದ್ದರು. ಹಲ್ಲಿನದಾದರೆ ಮೋಸ ಇಲ್ಲವಂತೆ.

ತುಮಕೂರಿನ ಕಾಲೇಜಿನಲ್ಲಿ ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳದಿರಲು ಕಾರಣ ನಾಚಿಕೆಯಲ್ಲ, ಒಂದು ಮಾತು. ಅಮ್ಮನ ತವರು ಕುಣಿಗಲ್ ಕಡೆ, ಹುತ್ರಿದುರ್ಗದ ಹತ್ತಿರ. ಅಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದಾಗ, ನಾನು ಪಕ್ಕದ ಕೋಣೆಯಲ್ಲಿ ತಾಂಬೂಲದ ಚೀಲ ಜೋಡಿಸುತ್ತಿದ್ದೇನೆಂದು ಗೊತ್ತಿಲ್ಲದೆ ಸೋದರತ್ತೆ ಯಾರಿಗೋ ಹೇಳಿದರು: “ಕಣ್ಣು ನೋಡಿದ್ಯಾ, ಥೇಟ್ ಅವ್ರಮ್ಮಂದೇ. ಇವಳ ಅಜ್ಜಿಗೂ ಹಿಂಗೇ ಇತ್ತಂತೆ ಕಣಕ್ಕ. ಹೆಣ್ಣಿಂದ ಹೆಣ್ಣಿಗೆ ಇಳೀತದಂತೆ. ನಮ್ ಹುಡುಗಂಗೆ ಮಾತ್ರ ಬ್ಯಾಡಪ್ಪ.” ಅವರ ಹುಡುಗ ನನಗೂ ಬೇಕಿರಲಿಲ್ಲ. ಆದರೆ ಇಳಿಯುತ್ತದೆ ಎಂಬ ಮಾತು ಅಂದಿನಿಂದ ನನ್ನ ಜೊತೆಗೇ ಬಸ್ಸು ಹತ್ತುತ್ತಿತ್ತು.

ಅದಕ್ಕೇ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೆ. ಏನೇ ಆದರೂ, ಕಣ್ಣಾರೆ ಕಂಡದ್ದು ಯಾವುದು, ಕಿವಿಯಾರೆ ಕೇಳಿದ್ದು ಯಾವುದು, ನಾನಾಗಿ ಅಂದುಕೊಂಡದ್ದು ಯಾವುದು ಎಂದು ಮನಸ್ಸಿನಲ್ಲೇ ಬೇರೆ ಬೇರೆ ಇಡುವುದು. ಅಮ್ಮನಿಗೆ ಈ ಮೂರೂ ಕಲಸಿಹೋಗಿದ್ದವು. ನನಗೆ ಕಲಸಿಲ್ಲವಲ್ಲ ಎಂದು ದಿನವೂ ಪರೀಕ್ಷಿಸಿಕೊಳ್ಳುತ್ತಿದ್ದೆ.

ಕಂಡದ್ದು ಇದು. ಮಧ್ಯಾಹ್ನ ಅಮ್ಮನ ಫೋನು ಬರುತ್ತಿತ್ತು. ನಾನು ಎದ್ದು ಮೆಟ್ಟಿಲ ಮೂಲೆಗೆ ಹೋಗುತ್ತಿದ್ದೆ. “ಕಚ್ಚಿದೀಯಾ?” ಎಂದು ಅಮ್ಮ. “ಕಚ್ಚಿದೀನಮ್ಮ, ತಿನ್ನು.” “ನೀನೇನಾ ಕಚ್ಚಿದ್ದು?” “ನಾನೇ.” ಅಷ್ಟೇ ಮಾತು. ಆದರೆ ನಾನು ಫೋನು ಕಿವಿಗಿಟ್ಟ ಕೂಡಲೇ ನಮ್ಮ ಗುಂಪಿನ ಹುಡುಗಿಯರು ಒಮ್ಮೆಗೇ ಜೋರಾಗಿ ನಗುತ್ತಿದ್ದರು. ಒಬ್ಬಳು ಡಬ್ಬಿಯ ಮುಚ್ಚಳ ಬಡಿಯುತ್ತಿದ್ದಳು. ನಾನು ವಾಪಸ್ ಬಂದು ಕೂತರೆ ನಗು ನಿಂತಿರುತ್ತಿತ್ತು. ಒಂದು ದಿನವಲ್ಲ, ಫೋನು ಬಂದ ದಿನವೆಲ್ಲ. ನನ್ನನ್ನು ನೋಡಿಯೇ ನಗುತ್ತಾರೆ ಎಂಬುದು ಅಂದುಕೊಂಡದ್ದು. ಅದನ್ನು ಬೇರೆ ಇಟ್ಟಿದ್ದೆ. ಆದರೂ ಅದು ಮೆಲ್ಲಮೆಲ್ಲಗೆ ಕಂಡದ್ದರ ಪಕ್ಕಕ್ಕೆ ಸರಿದು ಕೂರುತ್ತಿತ್ತು.

ಹೀಗಿರುವಾಗ ಒಂದು ತಪ್ಪು ಮಾಡಿದೆ. ಬೇವಿನ ಮರದ ಕೆಳಗೆ ಊಟಕ್ಕೆ ಕೂತಿದ್ದೆವು. ಡಬ್ಬಿಗಳು ಕೈಯಿಂದ ಕೈಗೆ ಹೋಗುತ್ತವೆ, ಒಂದೊಂದು ಚೂರು ಮುರಿದುಕೊಂಡು ಮುಂದಕ್ಕೆ ಕೊಡುವುದು. ತುಮಕೂರಿನವಳೇ ಆದ ಒಬ್ಬಳ ಚಪಾತಿ ಡಬ್ಬಿ ನನ್ನ ಕೈಗೆ ಬಂತು. ಮುಂಜಾನೆ ಬೇಗ ಎದ್ದಿದ್ದೆ, ತಲೆ ಎಲ್ಲೋ ಇತ್ತು. ಮೇಲಿನ ಚಪಾತಿ ಎತ್ತಿ, ಅಂಚನ್ನು ಕಚ್ಚಿ, ಕಚ್ಚಿದ ಭಾಗ ಮೇಲೆ ಕಾಣುವಂತೆ ಡಬ್ಬಿಯಲ್ಲೇ ಇಟ್ಟು, ಮುಂದಿನವಳಿಗೆ ಕೊಟ್ಟೆ.

ಅವಳು ಡಬ್ಬಿಯನ್ನು ಹಾಗೇ ಅದರ ಒಡತಿಯ ಕಡೆ ತಿರುಗಿಸಿ ತೋರಿಸಿದಳು.

“ಲೇ, ಏನೇ ಮಾಡ್ದೆ?” ಎಂದಳು ಡಬ್ಬಿಯವಳು. “ಎಂಜಲು ಮಾಡಿ ವಾಪಸ್ ಇಟ್ಟವ್ಳಲ್ರೇ! ಥೂ.”

“ಇಲಿ ಬಂದು ಹೋದಂಗೈತೆ,” ಎಂದಳು ಇನ್ನೊಬ್ಬಳು. “ಮದ್ವೆ ಆದ್ಮೇಲೆ ಗಂಡನ್ ತಟ್ಟೇಲೂ ಹಿಂಗೇ ಮಾಡ್ತೀಯೇನೇ?”

ಆಗ ಕುಣಿಗಲ್ ಕಡೆಯಿಂದ ಬರುತ್ತಿದ್ದ ಹುಡುಗಿ ಕೈ ಚಾಚಿದಳು. “ಇತ್ಲಾಗ್ ಕೊಡ್ರೇ, ಬುಡ್ರೇ. ಜಾಣರ ಎಂಜಲು ತಿಂದ್ರೆ ಜಾಣತನ ಬರ್ತದಂತೆ. ಇವಳ ಎಂಜಲು ತಿಂದಾದ್ರೂ ನಾನು ಸ್ಟಾಟಿಸ್ಟಿಕ್ಸ್ ಪಾಸಾಗ್ತೀನೇನೋ ನೋಡಾಣ.” ಎಲ್ಲರೂ ನಕ್ಕರು. ಅವಳು ಕಚ್ಚಿದ ಕಡೆಯಿಂದಲೇ ತಿಂದಳು. ಆದರೆ ಬಾಯಿಗೆ ಹಾಕಿಕೊಳ್ಳುವ ಮೊದಲು ಆ ಹಲ್ಲಿನ ಗುರುತನ್ನು ಒಂದು ಸಲ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಇದು ಕಂಡದ್ದು. ನನಗೆ ಅನುಮಾನವಿಲ್ಲ.

ಆ ನೋಟ ನನ್ನನ್ನು ಬಿಡಲಿಲ್ಲ. ಬೇರೆಯವರು ಅಸಹ್ಯಪಟ್ಟಿದ್ದು ಸಹಜ. ಇವಳಿಗೆ ಯಾಕೆ ಆಗಲಿಲ್ಲ? ಮತ್ತೆ ಅವಳು ಕುಣಿಗಲ್ಲಿನವಳು. ಅತ್ತೆಯ ಊರಿಗೂ ಅವಳ ಊರಿಗೂ ನಡುವೆ ಎಷ್ಟು ದೂರ ಎಂದು ಅವಳನ್ನು ಕೇಳಿದೆ, ಯಾವುದೋ ಬೇರೆ ಮಾತಿನ ನಡುವೆ ತೂರಿಸಿ. “ಗಾಡೀಲಿ ಹೋದ್ರೆ ಹಿಂಗ್ ಹೋಗಿ ಹಂಗ್ ಬರ್ಬೋದು, ಯಾಕೆ?” ಎಂದಳು. ಸುಮ್ಮನೆ ಎಂದೆ.

ಕೆಲವು ದಿನ ಕಳೆದ ಮೇಲೆ, ಅಮ್ಮನ ಫೋನು ಮುಗಿಸಿ ಮೆಟ್ಟಿಲ ಮೂಲೆಯಿಂದ ತಿರುಗುತ್ತೇನೆ, ಅವಳು ನಿಂತಿದ್ದಾಳೆ.

“ಅಮ್ಮ ಊಟ ಮಾಡಿದ್ರಂತಾ?”

“ಯಾವ ಅಮ್ಮ?” ಎಂದೆ.

“ನಿಮ್ಮಮ್ಮ ಕಣೇ. ಇನ್ಯಾವ ಅಮ್ಮ, ಊರಮ್ಮನಾ?”

ಅಮ್ಮ ಊಟ ಮಾಡುವುದೋ ಬಿಡುವುದೋ ನನಗೆ ಒಂದು ವಿಷಯ ಎಂದು ಇವಳಿಗೆ ಹೇಗೆ ಗೊತ್ತು? ಎಲ್ಲರ ಅಮ್ಮಂದಿರೂ ಊಟ ಮಾಡುತ್ತಾರೆ, ಯಾರೂ ಹೀಗೆ ಕೇಳುವುದಿಲ್ಲ. ಅಂದಿನಿಂದ ಅವಳು ನನ್ನ ಪಕ್ಕದ ಜಾಗದಲ್ಲೇ ಕೂರತೊಡಗಿದಳು. ನಾನು ಬಾರದ ದಿನದ ನೋಟ್ಸನ್ನು ನಾನು ಕೇಳುವ ಮೊದಲೇ ಫೋನಿಗೆ ಕಳಿಸುತ್ತಿದ್ದಳು. ನಾನು ಬಂದೆನೋ ಇಲ್ಲವೋ ಎಂದು ಅಷ್ಟು ಗಮನವಿಟ್ಟು ನೋಡುವ ಅಗತ್ಯ ಅವಳಿಗೇನು?

ಆಮೇಲೆ ಕೇಳಿದ್ದು. ನಮ್ಮ ಮೆಂಟರ್ ಮೇಡಂ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಲು ಹೋಗಿದ್ದೆ. ಒಳಗೆ ಅವಳ ದನಿ: “ಬೇಡ ಮೇಡಂ. ಅವಳನ್ನ ನಾನು ನೋಡ್ಕೊತೀನಿ, ಬಿಡಿ.”

ನಾನು ಸಹಿ ಹಾಕಿಸದೆ ವಾಪಸ್ ಬಂದೆ.

ನಮ್ಮ ಮನೆಯಲ್ಲಿ ಆ ಮಾತಿಗೆ ಎರಡು ಅರ್ಥ ಇತ್ತು. ಅಪ್ಪ ಡ್ಯೂಟಿಗೆ ಹೊರಡುವಾಗ ಹೊಸಿಲ ಮೇಲೆ ನಿಂತು “ಅಮ್ಮನ್ನ ನೋಡ್ಕೊಳ್ಳವ್ವ” ಎನ್ನುತ್ತಿದ್ದರು. ಅದೇ ಅಪ್ಪ ಡ್ಯೂಟಿ ಮುಗಿಸಿ ಬಂದು, ಆ ದಿನ ಚಿಲ್ಲರೆ ವಿಷಯಕ್ಕೆ ಜಗಳವಾಡಿದ ಪ್ಯಾಸೆಂಜರು “ಸ್ಟ್ಯಾಂಡಿಗ್ ಬಾ, ನಿನ್ನ ನೋಡ್ಕೊತೀನಿ” ಅಂದದ್ದನ್ನು ನಗುತ್ತ ಹೇಳುತ್ತಿದ್ದರು. ಅವಳು ಹೇಳಿದ್ದು ಯಾವುದು? ದನಿ ನೆನಪಿಸಿಕೊಂಡು ನೋಡಿದೆ. ಎರಡಕ್ಕೂ ಹೊಂದುತ್ತಿತ್ತು. ಮೊದಲನೆಯದಾಗಿದ್ದರೂ, ಯಾರು ಕೇಳಿದ್ದರು ಇವಳನ್ನು? ಯಾರಾದರೂ ನೋಡಿಕೊಳ್ಳಬೇಕಾದವಳು ನಾನು ಎಂದು ಮೇಡಂಗೆ ಹೇಳಿದವರು ಯಾರು? ನೋಡಿಕೊಳ್ಳುವಂಥದ್ದು ನನಗೇನಾಗಿದೆ?

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಫ್ಯಾನಿರಲಿಲ್ಲ. ನನ್ನ ಬಾಟಲಿ ಖಾಲಿಯಾಗಿತ್ತು. ಅವಳು ತನ್ನ ಬಾಟಲಿ ಕೊಟ್ಟಳು. ಮುಚ್ಚಳ ತಿರುಗಿಸಿದೆ. ತಿರುಗಿಸಿ, ಬಾಟಲಿಯ ಬಾಯಿಯನ್ನು ಮೂಗಿನ ಹತ್ತಿರ ತಂದೆ. ತಂದದ್ದು ನಾನೇ ಎಂದು ಆಮೇಲೆ ಗೊತ್ತಾಯಿತು. ನಂತರ ಬಾಟಲಿಯನ್ನು ಅವಳ ಕಡೆ ಚಾಚಿ, “ನೀನ್ ಮೊದ್ಲು ಕುಡಿ” ಎಂದೆ.

ಅದು ಅಮ್ಮನ ವಾಕ್ಯ. ಪದಗಳು ಮಾತ್ರವಲ್ಲ, ಗಲ್ಲವನ್ನು ಕೊಂಚ ಒಳಗೆ ಎಳೆದುಕೊಂಡು ಹೇಳುವ ರೀತಿಯೂ ಅಮ್ಮನದೇ.

ಅವಳು ನಗಲಿಲ್ಲ. ಬಾಟಲಿ ತೆಗೆದುಕೊಂಡು, ಕಚ್ಚಿ ಕುಡಿದು, ನುಂಗಿದ್ದು ನನಗೆ ಕಾಣುವಂತೆ ಕತ್ತೆತ್ತಿ ನುಂಗಿ, ನನ್ನ ಕೈಗೆ ವಾಪಸ್ ಕೊಟ್ಟಳು. ಹೇಗೆ ಮಾಡಬೇಕೋ ಸರಿಯಾಗಿ ಹಾಗೆಯೇ ಮಾಡಿದಳು. ನನಗೆ ಕುಡಿಯಲಾಗಲಿಲ್ಲ. ಬಾಟಲಿಯನ್ನು ಮೇಜಿನ ಮೇಲಿಡಲು ಹೋಗಿ ನೀರನ್ನು ರೆಕಾರ್ಡಿನ ಮೇಲೆ ಚೆಲ್ಲಿದೆ.

ಆ ವಾರ ನಾನು ಊಟ ಮಾಡಿದ್ದೆಲ್ಲ ಅಮ್ಮನ ತಟ್ಟೆಯಿಂದ ಕಚ್ಚಿದ್ದಷ್ಟೇ. ಕ್ಯಾಂಟೀನಿನ ಕಡೆ ಹೋಗಲಿಲ್ಲ. ಹಸಿವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕನ್ನಡಿಯಲ್ಲಿ ಕಣ್ಣು ನೋಡಿಕೊಂಡೆ. ಕಣ್ಣಿನಲ್ಲಿ ಏನು ಕಾಣಬೇಕು ಎಂದು ಅತ್ತೆ ಹೇಳಿರಲಿಲ್ಲ.

ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ಬಂತು. ಡಾಕ್ಟರು ನೋಡಿ ಮುಗಿಸಿದ ಮೇಲೆ ಅಪ್ಪ ಅಮ್ಮನ ಜೊತೆ ಮಾತ್ರೆಯ ಕಿಟಕಿಗೆ ಹೋದರು. ನಾನು ಮರಳಿ ಒಳಗೆ ಹೋದೆ. ಹೊರಗೆ ಸರದಿ ಉದ್ದವಿತ್ತು, ಡಾಕ್ಟರಮ್ಮ ಮುಂದಿನ ಚೀಟಿ ಕೈಗೆತ್ತಿಕೊಂಡಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ: ನಗು, ಚಪಾತಿ, ಅಮ್ಮ ಊಟ ಮಾಡಿದರಾ ಎಂದು ಕೇಳಿದ್ದು, ಬಾಗಿಲ ಹಿಂದಿನ ಮಾತು, ಬಾಟಲಿ. ಅತ್ತೆಯ ಮಾತನ್ನೂ ಹೇಳಿದೆ. ನನಗೂ ಇಳಿದಿದೆಯಾ ಎಂದು ಕೇಳಿದೆ.

ಅವರು ಚೀಟಿ ಕೆಳಗಿಟ್ಟರು. ನಿದ್ದೆ ಬರುತ್ತದೆಯಾ, ಯಾರೂ ಇಲ್ಲದಾಗ ದನಿ ಕೇಳುತ್ತದೆಯಾ, ಹೀಗೆ ಒಂದಷ್ಟು ಕೇಳಿದರು. ಕೊನೆಗೆ, “ಆ ಹುಡುಗೀನೇ ಕೇಳಿದ್ಯಾ?” ಎಂದರು.

“ಏನಂತ?”

“ನಿಂಗೆ ಹೆಂಗೆ ಗೊತ್ತಾಯ್ತು ಅಂತ.”

“ಇಲ್ಲ.”

“ಯಾಕಮ್ಮ ಕೇಳ್ಲಿಲ್ಲ?”

ಅಮ್ಮ ಕೂಡ ಪಕ್ಕದ ಮನೆಯವರನ್ನು ಯಾವತ್ತೂ ಕೇಳಿರಲಿಲ್ಲ ಎಂಬುದು ನೆನಪಾಯಿತು.

“ಹೋಗಿ ಕೇಳು,” ಎಂದರು. “ಅವಳು ಹೇಳಿದ್ದು ಕೇಳ್ಸ್ಕೊಂಡು, ನಿಂಗೆ ಏನನ್ಸುತ್ತೆ ನೋಡು. ಆಮೇಲೆ ಬಂದು ನಂಗೆ ಹೇಳು. ಏನೂ ಇಲ್ಲ ಅಂತ ಈಗ್ಲೇ ಹೇಳಿ ಕಳಿಸಲ್ಲ, ಇದೆ ಅಂತಾನೂ ಹೇಳಲ್ಲ.” ಸುಳ್ಳು ಸಮಾಧಾನ ಹೇಳದಿದ್ದುದರಿಂದ ಅವರ ಮೇಲೆ ನನಗೆ ನಂಬಿಕೆ ಬಂತು.

ಭಾನುವಾರ ಅಪ್ಪನಿಗೆ ರಜೆ ಇತ್ತು. ರೊಟ್ಟಿ ಕಚ್ಚಿ ಮುಚ್ಚಿಟ್ಟು, ನೋಟ್ಸ್ ತರಬೇಕು ಎಂದು ಹೇಳಿ, ತುಮಕೂರಿನಲ್ಲಿ ಬಸ್ ಬದಲಾಯಿಸಿ ಕುಣಿಗಲ್ಲಿಗೆ ಹೋದೆ. ಕಾಲೇಜಿನಲ್ಲಿ ಕೇಳುವ ಧೈರ್ಯವಿರಲಿಲ್ಲ. ಅಲ್ಲಿ ಎಲ್ಲರೂ ಅವಳ ಕಡೆಯವರೇ ಎಂಬುದು ನನ್ನ ಲೆಕ್ಕ. ಅವಳು ಸ್ಕೂಟರಿನಲ್ಲಿ ಸ್ಟ್ಯಾಂಡಿಗೆ ಬಂದಳು. ಮುಂದುಗಡೆ ಹಿಂಡಿಯ ಮೂಟೆ ಇತ್ತು. “ಮೂಟೆಗೆ ಕಾಲ್ ತಾಗಿಸ್ಬ್ಯಾಡ, ನಮ್ಮೆಮ್ಮೆ ಬಯ್ತದೆ” ಎಂದು ಹತ್ತಿಸಿಕೊಂಡು ಕೆರೆ ಏರಿಯ ಮೇಲೆ ನಿಲ್ಲಿಸಿದಳು.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡ ವಾಕ್ಯಗಳೆಲ್ಲ ಹೋಗಿ ಒಂದೇ ಉಳಿದಿತ್ತು. “ನಮ್ಮಮ್ಮನ ವಿಷ್ಯ ನಿಂಗೆ ಯಾರು ಹೇಳಿದ್ದು?”

“ನಿಮ್ಮಮ್ಮನೇ,” ಎಂದಳು.

ನನ್ನ ಮುಖ ಹೇಗಾಗಿತ್ತೋ, ಅವಳು ಬೇಗಬೇಗ ಮಾತು ಮುಂದುವರಿಸಿದಳು. “ನಿನ್ ಫೋನು ಕಣೇ! ಅದೇನ್ ಫೋನೋ, ಮೈಕ್ ಸೆಟ್ಟೋ. ಸ್ಪೀಕರ್ ಹಾಕ್ದೇನೇ ಕಾರಿಡಾರಿಗೆಲ್ಲ ಕೇಳ್ತದೆ. ಕಚ್ಚಿದೀಯಾ, ನೀನೇನಾ ಕಚ್ಚಿದ್ದು ಅಂತ. ಫಸ್ಟ್ ಇಯರಿಂದ ಎಲ್ರಿಗೂ ಗೊತ್ತು.”

“ಸುಳ್ಳು.”

“ಸುಳ್ಳಾ? ಸರಿ, ಫೋನ್ ಮಾಡು ಅಮ್ಮಂಗೆ. ನಾನು ಅಗೋ ಆ ಲೈಟ್ ಕಂಬದ ಹತ್ರ ನಿಂತ್ಕೊತೀನಿ.” ಅವಳು ಹೋಗಿ ಬೆನ್ನು ತಿರುಗಿಸಿ ನಿಂತಳು. ನಾನು ಫೋನು ಮಾಡಿದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಅಮ್ಮ ಎತ್ತಿ, “ಅಪ್ಪ ನೀರು ಕುಡಿ ನೀರು ಕುಡಿ ಅಂತವ್ರೆ, ಯಾಕಂತೆ?” ಎಂದರು. ಬಿಸಿಲಿದೆ ಅಂತ ಇರಬೇಕು ಎಂದೆ. ಫೋನಿಟ್ಟೆ. ಕಂಬದ ಹತ್ತಿರದಿಂದ ಅವಳು ಬೆನ್ನು ತಿರುಗಿಸಿಕೊಂಡೇ ಕೂಗಿದಳು: “ಅಪ್ಪ ನೀರು ಕುಡಿ ಅಂತವ್ರಂತೆ, ಯಾಕಂತೆ!”

ನಾನು ಏರಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಬಳಸಿದ ಫೋನು ಅದು, ಅಪ್ಪ ತುಮಕೂರಿನ ಅಂಗಡಿಯಲ್ಲಿ ಕೊಡಿಸಿದ್ದು. ಬದಿಯ ವಾಲ್ಯೂಮ್ ಗುಂಡಿ ಮೊದಲಿನಿಂದಲೂ ಸಿಕ್ಕಿಕೊಂಡಿತ್ತು. ಅದೇ ಸರಿಯಾದ ದನಿ ಎಂದು ನಾನು ಅಂದುಕೊಂಡಿದ್ದೆ.

“ಮತ್ತೆ ಆ ನಗು?”

“ನಿಂಗೆ ಮುಜುಗರ ಆಗ್ಬಾರ್ದು ಅಂತ ಗಲಾಟೆ ಮಾಡ್ತಿದ್ವಿ ಕಣೇ. ಪಕ್ಕದ ಸೆಕ್ಷನ್ ಹುಡುಗ್ರಿಗೆ ಕೇಳಿಸ್ಬಾರ್ದಲ್ಲ. ಡಬ್ಬಿ ಬಡೀತಿದ್ಲಲ್ಲ, ಅವಳ್ದು ಅದೇ ಡ್ಯೂಟಿ. ಮುಚ್ಚಳ ಸೊಟ್ಟ ಆಗೋಗದೆ ಅಂತ ಅವರಮ್ಮ ಬೈದವ್ರೆ.” ಆಮೇಲೆ ಕೆರೆಯ ಕಡೆ ನೋಡುತ್ತ, “ಒಬ್ಳು ನಿಮ್ಮಮ್ಮನ ಥರ ಆಡ್ಕೊಂಡು ತೋರಿಸಿದ್ಲು ಒಂದ್ಸಲ. ಯಾರು ಅಂತ ಕೇಳ್ಬ್ಯಾಡ. ಆಮೇಲೆ ಮಾಡ್ಲಿಲ್ಲ,” ಎಂದಳು. ನಾನು ಚಪಾತಿ ಕಚ್ಚಿಟ್ಟ ದಿನ ಮಾತ್ರ ಡಬ್ಬಿಯವಳಿಗೆ ನಿಜವಾಗಿಯೂ ಅಸಹ್ಯವಾಗಿತ್ತಂತೆ. “ಗೊತ್ತಿರೋದು ಬೇರೆ, ಎಂಜಲು ಬೇರೆ ಅಲ್ವಾ,” ಎಂದಳು. ನಾನು ಒಪ್ಪಿದೆ.

ಮೇಡಂ ವಿಷಯ ಕೇಳಿದೆ. ನನ್ನ ಹಾಜರಿ ಕಡಿಮೆಯಾಗಿದ್ದಕ್ಕೆ ಮೇಡಂ ನನ್ನನ್ನು ಕರೆಸಿ ಎಲ್ಲವನ್ನೂ ವಿಚಾರಿಸುತ್ತೇನೆ ಎಂದರಂತೆ. “ನೀವು ಕೇಳಿದ್ರೆ ಅವಳು ಕಾಲೇಜಿಗೇ ಬರಲ್ಲ ಅಂದೆ. ನೋಟ್ಸು, ಹಾಜರಿ, ನಾನ್ ನೋಡ್ಕೊತೀನಿ ಅಂದೆ. ತಪ್ಪಾ?”

ನನ್ನ ಅತ್ತೆ ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಮನೆಯಲ್ಲಿ ಅಮ್ಮನಂಥ ಕಾಯಿಲೆಯವರೂ ಯಾರೂ ಇರಲಿಲ್ಲ. ಮನೆ ತುಂಬ ಮಕ್ಕಳು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳು, ಅಷ್ಟೇ. ಹಲ್ಲಿನ ಗುರುತನ್ನು ಯಾಕೆ ನೋಡಿದೆ ಎಂದು ಕೇಳಿದ್ದಕ್ಕೆ, “ಇದೇನಾ ಅದು ಅಂತ ನೋಡ್ದೆ. ಕೇಳಿ ಕೇಳಿ ಸಾಕಾಗಿತ್ತು, ಒಂದ್ಸಲ ಕಣ್ಣಲ್ಲಿ ನೋಡೋದು ಬ್ಯಾಡ್ವಾ?” ಎಂದಳು.

ನನಗೆ ಆಗ ನಗು ಬಂತು. ನಗು ಬಂದದ್ದಕ್ಕೆ ಕಾರಣ ಅವಳಿಗೆ ವಿವರಿಸಲಾಗಲಿಲ್ಲ. ನನ್ನ ಬೆನ್ನ ಹಿಂದೆ ಎಲ್ಲರೂ ಮಾತಾಡಿಕೊಳ್ಳುತ್ತಾರೆ ಎಂದು ನನಗೆ ಅನುಮಾನವಿತ್ತು. ಮಾತಾಡಿಕೊಂಡಿದ್ದರು. ನನ್ನನ್ನು ಗಮನಿಸುತ್ತಿದ್ದಾರೆ ಎಂದಿತ್ತು. ಗಮನಿಸುತ್ತಿದ್ದರು. ನನ್ನ ಫೋನು ಬಂದಾಗಲೇ ನಗುತ್ತಾರೆ ಎಂದಿತ್ತು. ಅದೂ ಹೌದು. ನಾನು ಕಂಡದ್ದೂ ಕೇಳಿದ್ದೂ ಒಂದೂ ಸುಳ್ಳಾಗಿರಲಿಲ್ಲ. ಅಂದುಕೊಂಡದ್ದು ಮಾತ್ರ ಎಲ್ಲಿಯೋ ಹೋಗಿತ್ತು. ಬಾಟಲಿ ಮೂಸಿದ್ದು ಮಾತ್ರ ಹಾಗೇ ಉಳಿಯಿತು. ಅದನ್ನು ಡಾಕ್ಟರಮ್ಮನಿಗೆ ಇನ್ನೊಮ್ಮೆ ಹೇಳಬೇಕು ಎಂದುಕೊಂಡೆ.

ಸ್ಟ್ಯಾಂಡಿನ ಹತ್ತಿರ ಅವಳು ಕಡಲೆಕಾಯಿ ಕೊಂಡು ಪೊಟ್ಟಣ ನನ್ನ ಮುಂದೆ ಹಿಡಿದಳು. ಹಿಡಿದು, ಏನೋ ನೆನಪಾದವಳಂತೆ ತಾನೇ ಮೊದಲು ಒಂದನ್ನು ಸುಲಿಯಲು ಹೋದಳು. “ಬೇಡ,” ಎಂದೆ. ನಾನೇ ಮೊದಲು ಸುಲಿದು ತಿಂದೆ. ಕಡಲೆಕಾಯಿಗೆ ಕಡಲೆಕಾಯಿಯ ರುಚಿಯೇ ಇತ್ತು.

ಸಂಜೆ ಮನೆಗೆ ಬಂದಾಗ ಅಪ್ಪ ಹೊರಗೆ ಕಟ್ಟೆಯ ಮೇಲಿದ್ದರು. ಒಳಗೆ ಮುದ್ದೆ ಬೇಯುತ್ತಿತ್ತು. ಅಮ್ಮ ನಾನು ಬಂದೊಡನೆ ದಿನವೂ ಕೇಳುವುದನ್ನು ಕೇಳಿದರು: “ಯಾರಾದ್ರೂ ನಮ್ ವಿಷ್ಯ ಮಾತಾಡ್ತಿದ್ರಾ?”

ದಿನವೂ ನಾನು ಇಲ್ಲಮ್ಮ ಎನ್ನುತ್ತಿದ್ದೆ. ಅಮ್ಮ ದಿನವೂ ನಂಬುತ್ತಿರಲಿಲ್ಲ. ಆ ದಿನ ನನಗೆ ಸುಳ್ಳು ಹೇಳಲಾಗಲಿಲ್ಲ.

“ಮಾತಾಡ್ತಾರಮ್ಮ,” ಎಂದೆ.

ಅಮ್ಮ ಕೈಯಲ್ಲಿದ್ದ ಕೋಲನ್ನು ಪಾತ್ರೆಯ ಅಂಚಿಗೆ ಒರಗಿಸಿದರು. “ನಾನ್ ಹೇಳ್ಲಿಲ್ವಾ?” ಎಷ್ಟೋ ವರ್ಷದ ಮೇಲೆ ಅವರ ಮುಖದಲ್ಲಿ ಗೆದ್ದವರ ಕಳೆ ಇತ್ತು. “ಏನಂತ ಮಾತಾಡ್ತಾರೆ?”

“ಅಮ್ಮ ಊಟ ಮಾಡಿದ್ರಾ ಅಂತ ಕೇಳ್ತಾರೆ.”

ಅಮ್ಮ ತುಂಬ ಹೊತ್ತು ನನ್ನ ಮುಖವನ್ನೇ ನೋಡಿದರು, ಇದರಲ್ಲಿ ಏನು ಬೆರೆತಿದೆ ಎಂದು ಹುಡುಕುವವರಂತೆ.

“ನೀನೇನಂದೆ?”

“ಮಾಡವ್ರೆ ಅಂದೆ.”

“ಹಂಗೇ ಅನ್ನು,” ಎಂದು ಅಮ್ಮ ತಟ್ಟೆ ತಂದು ಮುದ್ದೆ ಇಟ್ಟು, ಸಾರು ಹಾಕಿ, ನನ್ನ ಕಡೆ ತಳ್ಳಿದರು. “ಮೊದ್ಲು ನೀನ್ ತಿನ್ನು.”